ಹೇಳಿದ್ದೊಂದು, ಕೇಳಿದ್ದೊಂದು: ಸಂವಹನ, ಗ್ರಹಿಕೆ, ಸ್ವ-ಪರಿಕಲ್ಪನೆ ಮತ್ತು ಜೈನ ದೃಷ್ಟಿ

ಕೊಂಕಣ ರೈಲ್ವೆಯ ಕಾರವಾರ ನಿಲ್ದಾಣ ಇರುವುದು ಶಿರವಾಡದಲ್ಲಿ. ಮಂಗಳೂರಿನಿಂದಲೋ ಮುಂಬೈಯಿಂದಲೋ ಬಂದು ಇಳಿಯುವವರು "ಕಾರವಾರ ಬಂತು" ಎನ್ನುತ್ತಾರೆ. ಸುತ್ತಲಿನ ಮನೆಯವರಿಗೆ ಅದು ಶಿರವಾಡ. ಇಬ್ಬರ ಮಾತೂ ಸುಳ್ಳಲ್ಲ. ಒಬ್ಬರು ಟಿಕೆಟ್ ನೋಡಿ ಹೇಳುತ್ತಾರೆ, ಇನ್ನೊಬ್ಬರು ನೆಲ ನೋಡಿ ಹೇಳುತ್ತಾರೆ. ಊರಿನ ಹೆಸರಿಗಾಗಿ ಯಾರೂ ಜಗಳ ಮಾಡುವುದಿಲ್ಲ. ಆದರೆ ಇಂಥದೇ ವ್ಯತ್ಯಾಸ ಅತ್ತೆ-ಸೊಸೆ, ತಂದೆ-ಮಗ, ಅಣ್ಣ-ತಮ್ಮಂದಿರ ನಡುವೆ ಬಂದಾಗ ಮಾತು ಬಿಡುತ್ತಾರೆ. ವರ್ಷಗಟ್ಟಲೆ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಮೂಲ ಹುಡುಕುತ್ತ ಹೋದರೆ ಎಷ್ಟೋ ಸಲ ಒಂದೇ ಒಂದು ವಾಕ್ಯ ಸಿಗುತ್ತದೆ: ಹೇಳಿದವರು ಒಂದು ಅರ್ಥದಲ್ಲಿ ಹೇಳಿದ್ದು, ಕೇಳಿದವರು ಬೇರೆ ಅರ್ಥದಲ್ಲಿ ಕೇಳಿದ್ದು.

ಇಂದು ಕಾಲೇಜುಗಳಲ್ಲಿ ಪರಸ್ಪರ ಸಂವಹನ, ಗ್ರಹಿಕೆ, ಸ್ವ-ಪರಿಕಲ್ಪನೆ ಎಂಬ ಹೆಸರಿನಲ್ಲಿ ಈ ವಿಷಯವನ್ನು ಕಲಿಸುತ್ತಾರೆ. ಜೈನ ಶಾಸ್ತ್ರಗಳು ಇದೇ ವಿಷಯವನ್ನು ಬಹಳ ಹಿಂದೆಯೇ ಸೂಕ್ಷ್ಮವಾಗಿ ವಿಂಗಡಿಸಿವೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮನೆಯ ಮಾತಿಗೆ ನೇರವಾಗಿ ಉಪಯೋಗವಾಗುವ ತಿಳಿವಳಿಕೆ ದೊರೆಯುತ್ತದೆ.

ಸಂವಹನ ಎಂದರೇನು?

ಮಾತನಾಡುವವರು, ಅವರು ಹೇಳುವ ವಿಷಯ, ಅದು ಸಾಗುವ ಮಾಧ್ಯಮ, ಕೇಳುವವರು, ಕೇಳಿದವರ ಪ್ರತಿಕ್ರಿಯೆ: ಈ ಐದೂ ಸೇರಿದರೆ ಸಂವಹನ. ನಡುವೆ ಬರುವ ತೊಡಕು ಆರನೆಯದು. ಫೋನಿನಲ್ಲಿ ಸದ್ದು ಸರಿಯಾಗಿ ಕೇಳದಿರುವುದು ಹೊರಗಿನ ತೊಡಕು. ಸಿಟ್ಟು, ಭಯ, ಹಳೆಯ ನೋವು ಒಳಗಿನ ತೊಡಕು. ಮಾತಿನ ಜೊತೆ ಮುಖಭಾವ, ಧ್ವನಿ, ಮೌನ ಕೂಡ ಏನನ್ನೋ ಹೇಳುತ್ತಿರುತ್ತವೆ.

ಭಾಷೆಯ ಬಳಕೆಯೂ ಒಂದು ತೊಡಕೇ. ಕಾರವಾರ ಭಾಗದಲ್ಲಿ ಹಲವು ಮನೆಗಳ ಮಾತು ಕೊಂಕಣಿ, ಶಾಲೆ ಮತ್ತು ಕಚೇರಿಯ ಮಾತು ಕನ್ನಡ. ಮರಾಠಿಯೂ ಕಿವಿಗೆ ಹೊಸದಲ್ಲ. ಕೈಗಾ ಅಣುವಿದ್ಯುತ್ ಸ್ಥಾವರ, ನೌಕಾನೆಲೆಗಳಿಗೆ ಕೆಲಸಕ್ಕೆ ಬಂದವರಿಂದ ಹಿಂದಿಯೂ ಸೇರಿದೆ. ಕನ್ನಡ ಕನ್ನಡದ ನಡುವೆಯೂ ಅಂತರವಿದೆ. ಬೆಳಗಾವಿ, ಧಾರವಾಡ ಕಡೆಯವರು "ಹೌದ್ರಿ", "ಬರ್ರಿ" ಎಂದು ಮಾತುಮಾತಿಗೆ ‘ರಿ’ ಸೇರಿಸುತ್ತಾರೆ. ಅವರಿಗೆ ಮರ್ಯಾದೆ ಇರುವುದೇ ಆ ಒಂದಕ್ಷರದಲ್ಲಿ. ಕರಾವಳಿಯಲ್ಲಿ ಬೆಳೆದವರು ಹಿರಿಯರಿಗೂ "ಹೌದು" ಎಂದಷ್ಟೇ ಹೇಳುವುದುಂಟು. ಅವರ ಮರ್ಯಾದೆ ಧ್ವನಿಯಲ್ಲಿರುತ್ತದೆ. ಘಟ್ಟದ ಮೇಲಿನಿಂದ ಬಂದವರಿಗೆ ಆ "ಹೌದು" ಒರಟಾಗಿ ಕೇಳಿಸಬಹುದು. ಹೇಳಿದವರಲ್ಲಿ ತಪ್ಪಿಲ್ಲ, ಕೇಳಿದವರ ಕಿವಿಯಲ್ಲೂ ತಪ್ಪಿಲ್ಲ. ಎರಡು ಊರಿನ ರೂಢಿ ಬೇರೆ, ಅಷ್ಟೆ.

ಗ್ರಹಿಕೆ: ಬೆಳ್ಳಕ್ಕಿಯೋ, ಬಾವುಟವೋ?

ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು ಹಾಗೆಯೇ ಮನಸ್ಸಿಗೆ ಹೋಗುವುದಿಲ್ಲ. ಮನಸ್ಸು ಅದರಲ್ಲಿ ಕೆಲವನ್ನು ಆಯ್ದುಕೊಂಡು, ಜೋಡಿಸಿ, ಅರ್ಥ ಕೊಡುತ್ತದೆ. ಇದಕ್ಕೆ ಗ್ರಹಿಕೆ ಎನ್ನುತ್ತಾರೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಮತಿಜ್ಞಾನಕ್ಕೆ ನಾಲ್ಕು ಹಂತಗಳನ್ನು ಹೇಳಿದೆ: ಅವಗ್ರಹ, ಈಹಾ, ಅವಾಯ, ಧಾರಣಾ. ಇದನ್ನು ವಿವರಿಸಲು ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಸರಳವಾದ ದೃಷ್ಟಾಂತ ಕೊಟ್ಟಿದ್ದಾರೆ. ದೂರದಲ್ಲಿ ಏನೋ ಬೆಳ್ಳಗೆ ಕಂಡಿತು, ಅದು ಅವಗ್ರಹ. ಅದು ಬೆಳ್ಳಕ್ಕಿ ಇರಬಹುದೋ, ಬಾವುಟವಿರಬಹುದೋ ಎಂದು ವಿಶೇಷವಾಗಿ ತಿಳಿಯಲು ಹೊರಡುವುದು ಈಹಾ. ಮೇಲೆ ಹಾರಿತು, ಕೆಳಗಿಳಿಯಿತು, ರೆಕ್ಕೆ ಬಡಿಯಿತು, ಆದ್ದರಿಂದ ಹಕ್ಕಿಯೇ ಹೌದು ಎಂದು ನಿಶ್ಚಯಿಸುವುದು ಅವಾಯ. ಬೆಳಿಗ್ಗೆ ನೋಡಿದ ಹಕ್ಕಿ ಇದೇ ಎಂದು ಮರೆಯದೆ ಉಳಿಸಿಕೊಳ್ಳುವುದು ಧಾರಣಾ.

ಮನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹಂತ ಈಹಾ. ಕಂಡದ್ದರಿಂದ ನೇರವಾಗಿ ತೀರ್ಮಾನಕ್ಕೆ ಹಾರುವುದೇ ರೂಢಿ.

ಕಲ್ಪಿತ ಉದಾಹರಣೆಯೊಂದನ್ನು ನೋಡಬಹುದು. ಬೆಳಗಾವಿ ಕಡೆಯ ಹಳ್ಳಿಯಲ್ಲಿರುವ ತಾಯಿ, ಕೆಲಸದ ನಿಮಿತ್ತ ಶಿರವಾಡದಲ್ಲಿ ಮನೆ ಮಾಡಿರುವ ಮಗನ ಮನೆಗೆ ಫೋನ್ ಮಾಡುತ್ತಾರೆ. ಕರಾವಳಿಯಲ್ಲಿ ಬೆಳೆದ ಸೊಸೆ ಫೋನ್ ಎತ್ತಿಕೊಳ್ಳುತ್ತಾಳೆ.

"ಪರ್ವಕ್ಕ ಬರ್ತೀರೇನವಾ?"

"ನೋಡ್ತೇವೆ ಅತ್ತೆ."

ಸೊಸೆಯ ಮನಸ್ಸಿನಲ್ಲಿರುವುದು ಗಂಡನ ರಜೆ ಇನ್ನೂ ಮಂಜೂರಾಗಿಲ್ಲ ಎಂಬ ಸಂಗತಿ. ಅತ್ತೆಗೆ ಕೇಳಿಸಿದ್ದು, ಬರಲು ಮನಸ್ಸಿಲ್ಲ ಎಂದು. "ರಜೆ ಸಿಕ್ಕಿಲ್ಲೇನು?" ಎಂಬ ಒಂದು ಪ್ರಶ್ನೆ ಇಲ್ಲಿ ಈಹಾ ಆಗುತ್ತಿತ್ತು. ಆ ಪ್ರಶ್ನೆ ಬರಲಿಲ್ಲ. ಅತ್ತೆಯ ತೀರ್ಮಾನ ಧಾರಣೆಯಾಗಿ ಉಳಿಯಿತು. ಮುಂದಿನ ವರ್ಷ ಸೊಸೆ ಪ್ರೀತಿಯಿಂದ ಮಾತನಾಡಿದರೂ "ಹೋದ ವರ್ಷ ಹಂಗಂದಾಕಿ" ಎಂಬ ನೆನಪು ಮುಂದೆ ಬಂದು ನಿಲ್ಲುತ್ತದೆ. ತಪ್ಪು ಅವಾಯದ ಮೇಲೆ ನಿಂತ ಧಾರಣೆ ಎಷ್ಟು ಗಟ್ಟಿಯಾದರೆ ಅಷ್ಟು ಹಾನಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಗ್ರಹಿಕೆಯ ಒಂದು ದೋಷಕ್ಕೆ ಹೆಸರು ಕೊಟ್ಟರು. ಬೇರೆಯವರ ನಡತೆಗೆ ಅವರ ಪರಿಸ್ಥಿತಿಯನ್ನು ಲೆಕ್ಕಿಸದೆ, ಅವರ ಸ್ವಭಾವವೇ ಕಾರಣ ಎಂದು ಎಣಿಸುವ ದೋಷವದು. ತಾವು ತಡವಾಗಿ ಬಂದರೆ ಬಸ್ಸು ತಪ್ಪಿತು. ಬೇರೆಯವರು ತಡವಾಗಿ ಬಂದರೆ ಅವರಿಗೆ ಶಿಸ್ತಿಲ್ಲ. ಈ ತಪ್ಪು ಕಲಿತವರು, ಕಲಿಯದವರು ಎನ್ನದೆ ಎಲ್ಲರಲ್ಲೂ ಇರುತ್ತದೆ.

‘ಸ್ಯಾತ್’ ಎಂದರೆ ಅನುಮಾನವಲ್ಲ

ಅನೇಕಾಂತವಾದವನ್ನು ಪಾಠಶಾಲೆಯಲ್ಲಿ ಆನೆ ಮತ್ತು ಕುರುಡರ ಕಥೆಯ ಮೂಲಕ ಮಕ್ಕಳು ಕಲಿಯುತ್ತಾರೆ. ಕಥೆ ನೆನಪಿರುತ್ತದೆ, ಬಳಕೆ ಮರೆತುಹೋಗುತ್ತದೆ. ವಸ್ತುವಿಗೆ ಅನೇಕ ಧರ್ಮಗಳಿವೆ. ಒಂದು ಮಾತು ಒಂದು ಸಲಕ್ಕೆ ಒಂದು ನಯದಿಂದ ಮಾತ್ರ ಹೇಳಬಲ್ಲದು. ಸ್ಯಾದ್ವಾದದ ‘ಸ್ಯಾತ್’ ಎಂಬ ಪದಕ್ಕೆ ‘ಇರಬಹುದೇನೋ’ ಎಂಬ ಅನುಮಾನದ ಅರ್ಥವಿಲ್ಲ. ‘ಒಂದು ಅಪೇಕ್ಷೆಯಿಂದ ಹೀಗಿದೆ’ ಎಂಬ ಸ್ಪಷ್ಟ ಅರ್ಥವಿದೆ. ನಿಲ್ದಾಣ ರೈಲಿನ ಅಪೇಕ್ಷೆಯಿಂದ ಕಾರವಾರ, ನೆಲದ ಅಪೇಕ್ಷೆಯಿಂದ ಶಿರವಾಡ.

ಮನೆಯಲ್ಲಿ ಇದರ ಬಳಕೆ ಸುಲಭ. "ನೀನು ಯಾವಾಗಲೂ ಹೀಗೆಯೇ" ಎಂಬುದು ಏಕಾಂತದ ಮಾತು. "ನಿನ್ನೆ ಹೇಳದೆ ಹೋದದ್ದು ನನಗೆ ಬೇಸರವಾಯಿತು" ಎಂಬುದರಲ್ಲಿ ಕಾಲ ಯಾವುದು, ಯಾರ ದೃಷ್ಟಿ ಎಂಬ ಎರಡೂ ಇವೆ. ಮೊದಲ ಮಾತಿಗೆ ಉತ್ತರವಾಗಿ ಜಗಳ ಬರುತ್ತದೆ, ಎರಡನೆಯದಕ್ಕೆ ವಿವರಣೆ ಬರಲು ಅವಕಾಶವಿದೆ. ಅನೇಕಾಂತ ಎಂದರೆ ಎಲ್ಲರೂ ಹೇಳಿದ್ದನ್ನೆಲ್ಲ ಒಪ್ಪುವುದಲ್ಲ. ಸುಳ್ಳು ಸುಳ್ಳೇ. ಎದುರಿನವರ ಮಾತು ಯಾವ ಅಪೇಕ್ಷೆಯಿಂದ ನಿಜವಾಗುತ್ತದೆ ಎಂದು ಹುಡುಕಿ, ಆಮೇಲೆ ಒಪ್ಪುವುದೋ ಬಿಡುವುದೋ ಎಂದು ನಿರ್ಧರಿಸುವ ಕ್ರಮ ಅದು.

ಮಾತನಾಡುವವರ ಹೊಣೆ

ಮುನಿಗಳ ಐದು ಸಮಿತಿಗಳಲ್ಲಿ ಭಾಷಾ ಸಮಿತಿಯೂ ಒಂದು. ಹಿತ, ಮಿತ, ಪ್ರಿಯವಾದ ಮಾತು ಅದರ ಲಕ್ಷಣ. ಗೃಹಸ್ಥರಿಗೆ ಸತ್ಯಾಣುವ್ರತವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯವ್ರತ ಸ್ಥಿರವಾಗಲು ಐದು ಭಾವನೆಗಳನ್ನು ಹೇಳುತ್ತದೆ: ಕ್ರೋಧ ಬಿಡುವುದು, ಲೋಭ ಬಿಡುವುದು, ಭಯ ಬಿಡುವುದು, ಹಾಸ್ಯ ಬಿಡುವುದು, ವಿಚಾರ ಮಾಡಿ ಮಾತನಾಡುವುದು. ಮಾತು ಕೆಡಲು ಕಾರಣವಾಗುವ ಒಳಗಿನ ತೊಡಕುಗಳ ಪಟ್ಟಿ ಇದೇ. ಮಗ ಅಂಕಪಟ್ಟಿ ಮುಚ್ಚಿಡುವುದು ಭಯದಿಂದ. ಆಸ್ತಿ ಪಾಲಿನ ಮಾತು ಕೆಡುವುದು ಲೋಭದಿಂದ. "ತಮಾಷೆಗೆ ಅಂದೆ" ಎಂಬ ಸಮಜಾಯಿಷಿ ಶಾಸ್ತ್ರಕಾರರಿಗೆ ಗೊತ್ತಿತ್ತು. ಅದಕ್ಕೇ ಹಾಸ್ಯವನ್ನೂ ಸೇರಿಸಿದ್ದಾರೆ.

ಅದೇ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳೂ ಇವೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಎರಡು ಇಂದಿನ ಕುಟುಂಬಗಳಿಗೆ ಮುಖ್ಯ. ದಂಪತಿಗಳ ಏಕಾಂತದ ಸಂಗತಿಯನ್ನು ಹೊರಗೆ ಹಾಕುವುದು ರಹೋಭ್ಯಾಖ್ಯಾನ. ಸಂದರ್ಭ, ಮೈಯ ಚಲನೆ, ಹುಬ್ಬಿನ ಕೊಂಕು ನೋಡಿ ಮತ್ತೊಬ್ಬರ ಮನಸ್ಸಿನಲ್ಲಿರುವುದನ್ನು ತಿಳಿದುಕೊಂಡು, ಅಸೂಯೆಯಿಂದ ಅದನ್ನು ಬಯಲು ಮಾಡುವುದು ಸಾಕಾರಮಂತ್ರಭೇದ. ಅಂದರೆ ಮಾತಿಲ್ಲದ ಸಂವಹನವೂ ವ್ರತದ ವ್ಯಾಪ್ತಿಯಲ್ಲಿದೆ. ಹೆಂಡತಿಯ ಜೊತೆಗಿನ ಸಂದೇಶದ ಚಿತ್ರವನ್ನು ಅಕ್ಕನಿಗೆ ಕಳುಹಿಸುವಾಗ, "ಅವಳ ಮುಖ ನೋಡಿದೆಯಾ, ಹೊಟ್ಟೆಕಿಚ್ಚು" ಎಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆಯುವಾಗ ಈ ಎರಡು ಅತಿಚಾರಗಳನ್ನು ನೆನೆಯಬೇಕು. ಹೇಳಿದ್ದು ನಿಜವೇ ಆಗಿದ್ದರೂ ವ್ರತಕ್ಕೆ ಕಲೆ ಬೀಳುತ್ತದೆ.

ಸ್ವ-ಪರಿಕಲ್ಪನೆ: ‘ನಾನು ಯಾರು’ ಎಂಬ ಎಣಿಕೆ

ತನ್ನ ಬಗ್ಗೆ ತಾನು ಕಟ್ಟಿಕೊಂಡ ಒಟ್ಟು ಅಭಿಪ್ರಾಯಕ್ಕೆ ಸ್ವ-ಪರಿಕಲ್ಪನೆ ಎನ್ನುತ್ತಾರೆ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿ ಇದನ್ನು ಕನ್ನಡಿಗೆ ಹೋಲಿಸಿದರು. ಇತರರಿಗೆ ತಾನು ಹೇಗೆ ಕಾಣುತ್ತೇನೆ, ಅವರು ತನ್ನನ್ನು ಹೇಗೆ ಅಳೆಯುತ್ತಾರೆ ಎಂದು ಊಹಿಸಿಕೊಂಡು ಮನುಷ್ಯ ಹೆಮ್ಮೆ ಪಡುತ್ತಾನೆ ಅಥವಾ ನಾಚುತ್ತಾನೆ. ಮಗುವಿಗೆ ಮೊದಲ ಕನ್ನಡಿ ಮನೆಯವರ ಮಾತು. "ಇವನು ದಡ್ಡ, ಅಣ್ಣ ಜಾಣ" ಎಂದು ಬಂದವರ ಎದುರು ಹತ್ತು ಸಲ ಹೇಳಿದರೆ ಹನ್ನೊಂದನೆಯ ಸಲ ಮಗುವೇ ಅದನ್ನು ಹೇಳಿಕೊಳ್ಳುತ್ತದೆ. ಆಮೇಲೆ ಪುಸ್ತಕ ತೆರೆಯುವ ಮೊದಲೇ ಸೋತಿರುತ್ತದೆ.

ಕರ್ಮಸಿದ್ಧಾಂತ ಬಲ್ಲವರಿಗೆ ಈ ಮಾತಿನ ತಪ್ಪು ಸುಲಭವಾಗಿ ತಿಳಿಯಬೇಕು. ಜ್ಞಾನ ಜೀವದ ಸ್ವಭಾವ. ಜ್ಞಾನಾವರಣ ಅದರ ಮೇಲಿನ ಮುಸುಕು. ಮುಸುಕು ಹೆಚ್ಚು ಕಡಿಮೆಯಾಗುತ್ತದೆ. ಇವತ್ತು ಗಣಿತ ಬಾರದಿರುವುದು ಪರ್ಯಾಯ, ಮಗುವಿನ ಸ್ವರೂಪವಲ್ಲ. "ಈ ಲೆಕ್ಕ ನಿನಗೆ ಇನ್ನೂ ಬಂದಿಲ್ಲ" ಎನ್ನುವುದು ಸತ್ಯ. "ನೀನು ದಡ್ಡ" ಎನ್ನುವುದು ತತ್ತ್ವಕ್ಕೇ ವಿರುದ್ಧ.

ಪೂಜ್ಯಪಾದರ ಸಮಾಧಿತಂತ್ರ ಆತ್ಮವನ್ನು ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂದು ಮೂರಾಗಿ ಹೇಳುತ್ತದೆ. ದೇಹವನ್ನೇ ‘ನಾನು’ ಎಂದುಕೊಳ್ಳುವವನು ಬಹಿರಾತ್ಮ. ಅಂಥವನಿಗೆ ಹೊಗಳಿಕೆ ಬಂದರೆ ಉಬ್ಬು, ತೆಗಳಿಕೆ ಬಂದರೆ ಕುಗ್ಗು. ದೇಹಾದಿಗಳಿಂದ ತಾನು ಬೇರೆ ಎಂದು ಅರಿತವನು ಅಂತರಾತ್ಮ. ಅವನಿಗೆ ಟೀಕೆಯನ್ನು ಕೂತು ಕೇಳುವ ಧೈರ್ಯ ಇರುತ್ತದೆ. ಸಂವಹನದ ದೃಷ್ಟಿಯಿಂದ ಈ ಭೇದ ಬಹಳ ಮುಖ್ಯ. ತನ್ನ ಬೆಲೆ ಎದುರಿನವರ ಮಾತಿನಲ್ಲಿದೆ ಎಂದುಕೊಂಡವರು ಕೇಳಿಸಿಕೊಳ್ಳಲಾರರು, ಕಾದಾಡುತ್ತಾರೆ.

ಕುಗ್ಗಿದ ಸ್ವ-ಪರಿಕಲ್ಪನೆಗೆ ಉತ್ತರ ಕೊಟ್ಟ ದೊಡ್ಡ ನಿದರ್ಶನ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದೆ. ಶಾಸ್ತ್ರಕ್ಕೆ ಕನ್ನಡ ತಕ್ಕ ಭಾಷೆಯಲ್ಲ ಎಂಬ ಭಾವನೆ ಇದ್ದ ಕಾಲದಲ್ಲಿ ಹಾಡುವಳ್ಳಿ ಮಠದ ಪರಂಪರೆಯ ಭಟ್ಟಾಕಲಂಕರು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಎಂಬ ಕನ್ನಡ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ರಚಿಸಿದರು. ತತ್ತ್ವಾರ್ಥಕ್ಕೆ ಕನ್ನಡದಲ್ಲಿ 96,000 ಗ್ರಂಥ ಪ್ರಮಾಣದ ‘ಚೂಡಾಮಣಿ’ ವ್ಯಾಖ್ಯಾನ ಇದೆಯೆಂದು ತೋರಿಸಿ, ಕನ್ನಡ ಶಾಸ್ತ್ರಕ್ಕೆ ಯೋಗ್ಯವೆಂದು ವಾದಿಸಿದರು. ಕನ್ನಡವನ್ನು ಕಡಿಮೆ ಎಂದವರನ್ನು ಬೈಯಲಿಲ್ಲ. ಪಂಡಿತರು ಗೌರವಿಸುವ ಭಾಷೆಯಲ್ಲೇ ಪ್ರಮಾಣ ಸಹಿತ ಉತ್ತರ ಕೊಟ್ಟರು. ಕೇಳುವವರು ಯಾರೆಂದು ಅರಿತು ಮಾತನಾಡುವುದು ಹೇಗೆ ಎಂಬುದಕ್ಕೂ ಇದು ಪಾಠ.

ಮನೆಯಲ್ಲಿ ಈ ಕೆಲಸ ಮಾಡಲು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡು ನೆರವಾಗುತ್ತವೆ. ಒಬ್ಬರ ದೋಷವನ್ನು ನಾಲ್ಕು ಜನರ ಮುಂದೆ ಎತ್ತಾಡದಿರುವುದು ಉಪಗೂಹನ. ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತೀಕರಣ. ಮೊದಲನೆಯದು ಮಾತ್ರ ಇದ್ದರೆ ತಪ್ಪು ಮುಚ್ಚಿಹೋಗುತ್ತದೆ. ಎರಡೂ ಇದ್ದರೆ ಮನುಷ್ಯ ಸುಧಾರಿಸುತ್ತಾನೆ. ಹಿಂಸೆ ಅನುಭವಿಸುತ್ತಿರುವವರಿಗೆ "ಸಹಿಸಿಕೋ, ಹೊರಗೆ ಹೇಳಬೇಡ" ಎನ್ನುವುದು ಉಪಗೂಹನವಲ್ಲ, ಅಹಿಂಸೆಯೂ ಅಲ್ಲ.

ಮನೆಯಲ್ಲಿ ರೂಢಿಸಿಕೊಳ್ಳಬಹುದಾದ ನಾಲ್ಕು ಅಭ್ಯಾಸಗಳು

1. ಮನಸ್ಸಿಗೆ ಚುಚ್ಚಿದ ಮಾತಿಗೆ ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ ಕೇಳುವುದು: "ನೀವು ಹೇಳಿದ್ದು ಹೀಗೆಂದೇ?" ಇದು ಈಹಾ.

2. "ಯಾವಾಗಲೂ", "ಎಂದಿಗೂ" ಎಂಬ ಪದಗಳನ್ನು ಬಿಟ್ಟು, ಯಾವ ದಿನ, ಯಾವ ಸಂಗತಿ ಎಂದು ಹೇಳುವುದು.

3. ಮಕ್ಕಳ ಕೆಲಸವನ್ನು ತಿದ್ದುವುದು, ಮಕ್ಕಳಿಗೆ ಹೆಸರಿಡದಿರುವುದು. ತಿದ್ದುವಾಗ ಬೇರೆಯವರ ಎದುರು ತಿದ್ದದಿರುವುದು.

4. ಸಂಜೆಯ ಪ್ರತಿಕ್ರಮಣದಲ್ಲಿ ಆ ದಿನದ ಒಂದು ಮಾತನ್ನಾದರೂ ನೆನೆದು, ತೀರ್ಮಾನಕ್ಕೆ ಆತುರಪಟ್ಟೆನೇ ಎಂದು ಪರೀಕ್ಷಿಸಿಕೊಳ್ಳುವುದು.

ಕ್ಷಮಾವಾಣಿ ಯಾರಿಗೆ?

ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯಂದು, ಶ್ವೇತಾಂಬರರಲ್ಲಿ ಸಂವತ್ಸರಿಯಂದು, ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಇಂದು ಅದು ಸಿದ್ಧ ಚಿತ್ರವೊಂದನ್ನು ಇನ್ನೂರು ಜನರಿಗೆ ಒಂದೇ ಸಲ ಕಳುಹಿಸುವ ಪದ್ಧತಿಯಾಗಿದೆ. ಆ ಇನ್ನೂರು ಜನರಲ್ಲಿ ನಿಜವಾಗಿ ಮಾತು ಬಿಟ್ಟವರ ಹೆಸರು ಹಲವು ಸಲ ಇರುವುದೇ ಇಲ್ಲ. ಸಂವಹನದ ಲೆಕ್ಕದಲ್ಲಿ ಇದು ಅರ್ಧ ಕ್ರಿಯೆ: ಹೇಳಿದ್ದಾಯಿತು, ಆದರೆ ಕೇಳಬೇಕಾದವರಿಗೆ ಮುಟ್ಟಲಿಲ್ಲ.

ಒಂದೇ ಮನೆಯ ಬಾಗಿಲು ತಟ್ಟಿ ಅಥವಾ ಒಂದೇ ಸಂಖ್ಯೆಗೆ ಫೋನ್ ಮಾಡಿ, "ಆ ದಿನ ನಾನು ಅಂದ ಮಾತು ನಿಮಗೆ ಹೇಗೆ ಕೇಳಿಸಿತು?" ಎಂದು ವಿಚಾರಿಸುವುದು ಅದಕ್ಕಿಂತ ಕಷ್ಟ. ಉತ್ತರ ಹಿತವಾಗಿರದಿರಬಹುದು. ಆದರೂ ಕೇಳಿಸಿಕೊಂಡರೆ ಬೆಳ್ಳಕ್ಕಿಯನ್ನು ಬಾವುಟವೆಂದುಕೊಂಡದ್ದು ಎಲ್ಲಿ ಎಂದು ಇಬ್ಬರಿಗೂ ತಿಳಿಯುತ್ತದೆ. ಕ್ಷಮೆ ಅಲ್ಲಿಂದ ಮುಂದೆ ಸುಲಭ.