ಗರ್ಭಿಣಿಯ ಮುಂದೆ ಹೊಸ ಮಾತ್ರೆ

ಕುಂಬಳೆ ಸಮೀಪದ ಒಂದು ಮನೆಯ ಸೊಸೆಗೆ ಎರಡು ತಿಂಗಳು ತುಂಬಿದ್ದ ಸಮಯ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಆಕೆಗೆ ಹದಿನಾಲ್ಕನೆಯ ವಯಸ್ಸಿನಿಂದಲೇ ಮೂರ್ಛೆರೋಗ. ಸೋಡಿಯಂ ವಾಲ್‌ಪ್ರೊಯೇಟ್ ಮಾತ್ರೆಯ ಬಲದಿಂದ ಐದು ವರ್ಷ ಸೆಳವು ಬಂದಿರಲಿಲ್ಲ. ಬಸಿರಿನ ಸುದ್ದಿ ತಿಳಿದೊಡನೆ ಮಂಗಳೂರಿನ ನರರೋಗ ತಜ್ಞರು, ಅದನ್ನು ಹಂತಹಂತವಾಗಿ ಇಳಿಸಿ ಲೆವೆಟಿರಾಸೆಟಾಮ್ ಎಂಬ ಬೇರೆ ಮಾತ್ರೆ ಆರಂಭಿಸುವ ಸಲಹೆಯಿತ್ತರು.

ಮನೆಯಲ್ಲಿ ಮಾತು ಎರಡಾಯಿತು. "ಬಸುರಿಗೆ ಹೊಸ ಮದ್ದು ಬೇಡ, ಹಳೆಯದೇ ಇರಲಿ" ಎಂದರು ಅತ್ತೆ. ಹೆರಿಗೆಯವರೆಗೆ ಯಾವ ಮಾತ್ರೆಯೂ ಬೇಡವೆಂಬುದು ಗಂಡನ ಅಭಿಪ್ರಾಯ. ಇಬ್ಬರ ಮಾತಿನಲ್ಲಿಯೂ ಅಕ್ಕರೆಯಿತ್ತು, ಅಪಾಯವೂ ಇತ್ತು.

ಹಳೆಯ ಮಾತ್ರೆ ಪರಿಚಿತವೆಂದ ಮಾತ್ರಕ್ಕೆ ನಿರಪಾಯವಲ್ಲ. ಗರ್ಭದಲ್ಲಿ ವಾಲ್‌ಪ್ರೊಯೇಟ್ ಸೋಕಿದ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಗಂಭೀರ ಅಂಗದೋಷಗಳಿರುತ್ತವೆ; ಸಾಮಾನ್ಯವಾಗಿ ಇದು 100ಕ್ಕೆ 2ರಿಂದ 3. ಅಲ್ಲದೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ವರ್ತನೆಗೆ ಸಂಬಂಧಿಸಿದ ತೊಂದರೆಗಳು ಕಾಣಿಸಬಹುದು. ಮಿದುಳು, ಬೆನ್ನುಹುರಿಗಳ ಮೂಲರೂಪವಾದ ನರನಾಳವು ಗರ್ಭಧಾರಣೆಯ ಮೊದಲ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ಅವಧಿ ಆಕೆಯ ಪಾಲಿಗೆ ಕಳೆದಿತ್ತು. ಆದರೆ ಮಿದುಳಿನ ಬೆಳವಣಿಗೆ ಒಂಬತ್ತು ತಿಂಗಳೂ ನಡೆಯುವುದರಿಂದ ಬದಲಾವಣೆಯ ಆಲೋಚನೆಗೆ ಆಗಲೂ ಅರ್ಥವಿತ್ತು.

ಎಲ್ಲ ಮಾತ್ರೆಗಳನ್ನೂ ಒಮ್ಮೆಲೇ ನಿಲ್ಲಿಸುವುದು ಇನ್ನೂ ಅಪಾಯಕಾರಿ. ಸೆಳವು ಒಂದರ ಹಿಂದೊಂದು ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದು.

ಲೆವೆಟಿರಾಸೆಟಾಮ್, ಲ್ಯಾಮೊಟ್ರಿಜಿನ್ ಮಾತ್ರೆಗಳನ್ನು ಸೇವಿಸಿದ ಗರ್ಭಿಣಿಯರ ಮಕ್ಕಳಲ್ಲಿ ಅಂಗದೋಷದ ಪ್ರಮಾಣವು ಸಾಮಾನ್ಯ ಪ್ರಮಾಣಕ್ಕೆ ಸಮೀಪವಾಗಿದೆ. ಆದರೆ ಇವು ಎಲ್ಲರ ಸೆಳವನ್ನೂ ತಡೆಯಲಾರವು. ಲ್ಯಾಮೊಟ್ರಿಜಿನ್‌ನ ಪ್ರಮಾಣವನ್ನು ಹಲವು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸಬೇಕಾಗುತ್ತದೆ. ಬಸಿರು ಬೆಳೆದಂತೆ ರಕ್ತದಲ್ಲಿ ಈ ಎರಡು ಔಷಧಗಳ ಮಟ್ಟ ಇಳಿಯುವುದರಿಂದ ಪ್ರಮಾಣ ಹೆಚ್ಚಿಸಬೇಕಾಗಿ ಬರಬಹುದು. ಹೆರಿಗೆಯ ಬಳಿಕ ಮತ್ತೆ ತಗ್ಗಿಸಬೇಕಾಗಬಹುದು.

ಇಂತಹ ತಾಯಂದಿರ ಅನುಭವವು ಕೇರಳಕ್ಕೆ ಹೊಸತಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಮೂರ್ಛೆರೋಗವುಳ್ಳ ಗರ್ಭಿಣಿಯರ ನೋಂದಣಿ 1998ರಲ್ಲಿಯೇ ಆರಂಭವಾಯಿತು. ಮೂರ್ಛೆರೋಗವುಳ್ಳ ಬಹುಪಾಲು ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ.

ಮಾತ್ರೆಯೊಂದಿಗೆ ಬಂದ ಚೀಟಿ ಇಂಗ್ಲಿಷಿನಲ್ಲಿತ್ತು. ಅದರ ಗೋಜಿಗೆ ಹೋಗದೆ ಆಕೆ ತನ್ನ ಪ್ರಶ್ನೆಗಳನ್ನು ಹಳೆಯ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡು ಗಂಡನೊಂದಿಗೆ ತಜ್ಞರ ಬಳಿಗೆ ಮರಳಿದಳು. ಬದಲಾಯಿಸಿದರೆ ಸೆಳವು ಮರಳಬಹುದೆ? ಬದಲಾಯಿಸದಿದ್ದರೆ ಮಗುವಿಗೇನು? ಹಳೆಯದನ್ನು ಎಷ್ಟು ದಿನಗಳಲ್ಲಿ ಇಳಿಸಬೇಕು? ಫೋಲಿಕ್ ಆಮ್ಲ ಎಷ್ಟು? ರಕ್ತಪರೀಕ್ಷೆ, ಸ್ಕ್ಯಾನ್ ಯಾವಾಗ? ಎದೆಹಾಲು ಕೊಡಬಹುದೆ? ಒಂದೊಂದಕ್ಕೂ ಉತ್ತರ ಬರೆದುಕೊಂಡ ಮೇಲೆಯೇ ಆಕೆ ಒಪ್ಪಿದ್ದು.

ಆಕೆಗೀಗ ಏಳು ತಿಂಗಳು. ಬದಲಾವಣೆಯ ಮೂರನೆಯ ವಾರ ಒಮ್ಮೆ ಸೆಳವು ಬಂದಿತ್ತು. ಪ್ರಮಾಣ ಹೆಚ್ಚಿಸಿದ ಬಳಿಕ ಮರುಕಳಿಸಿಲ್ಲ. ಸ್ಕ್ಯಾನಿನಲ್ಲಿ ದೋಷ ಕಂಡುಬಂದಿಲ್ಲವಾದರೂ ಎಲ್ಲವನ್ನೂ ಸ್ಕ್ಯಾನ್ ಹೇಳದೆಂಬುದು ಆಕೆಗೆ ಗೊತ್ತು. ರಾತ್ರಿ ಎಂಟಕ್ಕೆ ಮಾತ್ರೆ, ನೀರು ತಂದಿಡುವವರು ಅತ್ತೆಯೇ.

ಮದುವೆಯ ವೇಳೆ ಮುಚ್ಚಿಟ್ಟ ಕಾಯಿಲೆಗೆ ಬಸಿರಿನಲ್ಲಿ ಬೆಲೆ ತೆರಬೇಕಾಗುತ್ತದೆ. ಮನೆಯ ಹೆಣ್ಣುಮಗಳು ದೀರ್ಘಕಾಲದ ಕಾಯಿಲೆಗೆ ಮಾತ್ರೆ ಸೇವಿಸುತ್ತಿದ್ದರೆ, ಮಗುವಿನ ಆಲೋಚನೆಗೆ ಕೆಲವು ತಿಂಗಳು ಮೊದಲೇ ತಜ್ಞರನ್ನು ಕಾಣಿರಿ. ಬಸಿರು ಈಗಾಗಲೇ ನಿಂತಿದ್ದರೆ ಮಾತ್ರೆ ನಿಲ್ಲಿಸದೆ ತಡಮಾಡದೆ ಹೋಗಿರಿ.