ಸಡಿಲವಾದ ಗೇರುಕೋಲು

ಹಳೆಯ ಮೋಟಾರುಬಂಡಿಯನ್ನು ಕೊಂಡವರಿಗೆ ಮೊದಲು ಅಂಜಿಕೆಯನ್ನುಂಟುಮಾಡುವ ಸಂಗತಿಗಳಲ್ಲಿ ಗೇರುಕೋಲಿನ ಓಲಾಟವೂ ಒಂದು. ಹಿಡಿದೊಡನೆ ಅದು ಅಂಬಲಿಯೊಳಗಿನ ಸೌಟಿನಂತೆ ಎತ್ತಲೆಂದರತ್ತ ಆಡುವುದು. ಮೂರನೆಯ ಗೇರು ಎಲ್ಲಿ, ಐದನೆಯದು ಎಲ್ಲಿ ಎಂಬುದು ಕೈಗೆ ತಿಳಿಯದು. ಗೇರುಪೆಟ್ಟಿಗೆಯೇ ಸವೆದುಹೋಯಿತೆಂದು ಒಡೆಯನು ಆಗಲೇ ತೀರ್ಮಾನಿಸಿಬಿಡುವನು. ಪೆಟ್ಟಿಗೆಯನ್ನು ಕೆಳಗಿಳಿಸಿ ಬಿಚ್ಚಿಸುವುದು ಬಹು ಖರ್ಚಿನ ಕೆಲಸ. ಅದಕ್ಕೆ ಹೆದರಿ ಬಂಡಿಯನ್ನೇ ಮಾರಿಬಿಡುವವರುಂಟು. ಬೀಸುವ ಕಲ್ಲಿನ ಗೂಟ ಅಲುಗಿದರೆ ನಮ್ಮ ಮನೆಯ ಹೆಂಗಸರು ಕಲ್ಲನ್ನು ಎಸೆಯುತ್ತಿರಲಿಲ್ಲ. ಗೂಟಕ್ಕೆ ಒಂದು ಚಿಂದಿಯನ್ನು ಸುತ್ತಿ ಬಿಗಿದು ಮತ್ತೆ ಬೀಸುತ್ತಿದ್ದರು. ಆ ವಿವೇಕವೇ ಇಲ್ಲಿಯೂ ಬೇಕಾದುದು.

ಹಾಗೆಂದು ಇದನ್ನು ಬರಿಯ ಕಿರಿಕಿರಿಯೆಂದು ತಳ್ಳಿಹಾಕುವಂತಿಲ್ಲ. ವೇಗವಾಗಿ ಹೋಗುತ್ತಿರುವಾಗ ಐದನೆಯ ಗೇರಿನಿಂದ ನಾಲ್ಕನೆಯದಕ್ಕೆ ಇಳಿಯಬೇಕಾದ ಕೋಲು ಕೈತಪ್ಪಿ ಎರಡನೆಯದಕ್ಕೆ ಬಿದ್ದರೆ, ಕ್ಲಚ್ಚನ್ನು ಬಿಟ್ಟ ಕ್ಷಣದಲ್ಲಿ ಯಂತ್ರವು ತಾನು ತಾಳಲಾರದ ವೇಗದಲ್ಲಿ ತಿರುಗುವುದು. ಹಿಂದಿನ ಚಕ್ರಗಳಿಂದ ನಡೆಯುವ ಬಂಡಿಯಾದರೆ ಆ ಚಕ್ರಗಳು ನೆಲದ ಹಿಡಿತ ತಪ್ಪಿ ಬಂಡಿಯು ಸುತ್ತಿಬಿಡುವುದೂ ಉಂಟು. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿದೆವೆಂದು ನಂಬಿ ಇಳಿದುಹೋದ ಮೇಲೆ, ಗೇರು ಕೂತಿರದೆ ಬಂಡಿ ತಾನಾಗಿ ಹೊರಟರೆ ಆಗುವ ಅನಾಹುತವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಉದಾಹರಣೆಗೆ ಜಪಾನಿನ ಮಾಜ್ದಾ ಎಂಎಕ್ಸ್-೫ ಎಂಬ ಚಿಕ್ಕ ಬಂಡಿಯನ್ನು ತೆಗೆದುಕೊಳ್ಳೋಣ. ಇಬ್ಬರಿಗೆ ಮಾತ್ರ ಸ್ಥಳವುಳ್ಳ, ಮೇಲ್ಹೊದಿಕೆಯನ್ನು ಮಡಿಸಬಹುದಾದ ಈ ಬಂಡಿಯನ್ನು ಮೊದಲು ೧೯೮೯ರಲ್ಲಿ ಶಿಕಾಗೋ ನಗರದ ಪ್ರದರ್ಶನದಲ್ಲಿಟ್ಟರು. ಮೊದಲ ತಲೆಮಾರಿನ ಬಂಡಿಗಳ ತಯಾರಿಕೆ ೧೯೯೭ರಲ್ಲಿ ಮುಗಿಯಿತು. ಮುಂದಿನ ತಲೆಮಾರುಗಳನ್ನೂ ಸೇರಿಸಿ ೨೦೧೬ರ ವೇಳೆಗೆ ಹತ್ತು ಲಕ್ಷ ಬಂಡಿಗಳು ಹೊರಬಂದಿದ್ದವು. ಇದರ ಗೇರು ಬದಲಾಯಿಸುವ ಸುಖವನ್ನು ಹೊಗಳದವರಿಲ್ಲ. ಆದುದರಿಂದಲೇ ಅದು ಕೆಟ್ಟಾಗ ಎದ್ದು ಕಾಣುವುದು.

ಈ ಬಂಡಿಯಲ್ಲಿ ಗೇರುಪೆಟ್ಟಿಗೆಯು ಯಂತ್ರದ ಹಿಂದೆಯೇ ಇದೆ. ಕೋಲು ನೇರವಾಗಿ ಅದರ ಬೆನ್ನಿನ ಮೇಲೆ ನಿಂತಿದೆ. ಕೋಲಿಗೆ ಒಂದು ಉಕ್ಕಿನ ಗೋಳವುಂಟು. ಆ ಗೋಳವು ಬುರುಜಿನಂಥ ಗೂಡಿನಲ್ಲಿ ಕೂತು ಕೀಲಿನಂತೆ ಆಡುವುದು. ಕೋಲಿನ ಕೆಳತುದಿಗೆ ದರ್ಜಿಯ ಬೆರಳುಟೊಪ್ಪಿಗೆಯಂಥ ಒಂದು ನೈಲಾನು ಬುಷ್ಷನ್ನು ತೊಡಿಸಿರುವರು; ಅದು ಗೇರನ್ನು ಆಯುವ ಸಲಾಕೆಯ ಗುಳಿಯಲ್ಲಿ ಇಳಿದಿರುವುದು. ಗೋಳದ ಮೇಲ್ಭಾಗದಲ್ಲಿಯೂ ನೈಲಾನಿನ ಒಂದು ಪೀಠವಿದೆ. ವರುಷಗಳ ಬಿಸಿಯಿಂದಲೂ ತಿಕ್ಕಾಟದಿಂದಲೂ ಈ ಸಣ್ಣ ಪದಾರ್ಥಗಳು ಸವೆಯುವುವು, ಕೆಲವು ವೇಳೆ ಸೀಳಿಹೋಗುವುವು. ಗೋಳದ ಮೇಲಿನ ತೋಳು ಉದ್ದ, ಕೆಳಗಿನದು ಗಿಡ್ಡ. ಮೇಲಿನದು ಐದು ಪಾಲು, ಕೆಳಗಿನದು ಒಂದು ಪಾಲು ಎಂದಿಟ್ಟುಕೊಂಡರೆ, ಕೆಳಗೆ ೧ ಮಿಲಿಮೀಟರು ಸವೆದುದು ಕೈಯಲ್ಲಿ ೫ ಮಿಲಿಮೀಟರಾಗಿ ತೋರುವುದು. ಅಲ್ಪ ಸವಕಳಿಯು ದೊಡ್ಡ ರೋಗದಂತೆ ಕಾಣುವುದಕ್ಕೆ ಈ ಸನ್ನೆಯ ಲೆಕ್ಕವೇ ಕಾರಣ.

ಬುರುಜಿನಲ್ಲಿ ಸ್ವಲ್ಪ ಎಣ್ಣೆಯಿರಬೇಕು. ಗೇರುಪೆಟ್ಟಿಗೆಯ ಎಣ್ಣೆಯಿಂದ ಇದು ಬೇರೆ. ಪೆಟ್ಟಿಗೆಗೆ ಹೊಸ ಎಣ್ಣೆ ಹಾಕಿಸಿದವರೂ ಇದನ್ನು ಮರೆಯುವುದು ವಾಡಿಕೆ. ಬುರುಜಿನ ಮೇಲೆ ಒಂದು ಚಿಕ್ಕ ರಬ್ಬರು ಗವಸು, ಅದರ ಮೇಲೆ ಇನ್ನೊಂದು ದೊಡ್ಡದು. ಇವು ಹರಿದರೆ ಎಣ್ಣೆ ಹೊರಬೀಳುವುದು, ಧೂಳು ಒಳಸೇರುವುದು, ಕೆಳಗಿನ ಬಿಸಿಗಾಳಿಯೂ ಸದ್ದೂ ಬಂಡಿಯೊಳಕ್ಕೆ ಬರುವುವು. ಕೋಲಿನ ಬುಡದಲ್ಲಿ ಕೈಯಿಟ್ಟಾಗ ಶಾಖ ತಗುಲಿದರೆ ಗವಸು ಹರಿದಿದೆಯೆಂದು ಬಹುಮಟ್ಟಿಗೆ ನಂಬಬಹುದು.

ಬಿಚ್ಚುವುದಕ್ಕೆ ಮುಂಚೆ ರೋಗ ಯಾವುದೆಂದು ನೋಡಬೇಕು. ಮೊದಲು ಹಿಡಿಗುಂಡನ್ನು ತಿರುಗಿಸಿ ನೋಡಿ. ಎಷ್ಟೋ ಸಲ ಅದರ ತಿರುಪೇ ಸಡಿಲವಾಗಿರುವುದು. ವೇಗವನ್ನು ಹೆಚ್ಚಿಸಿ ತಗ್ಗಿಸಿದಾಗ ಕೋಲು ತಾನಾಗಿ ಹಿಂದುಮುಂದಾದರೆ, ಯಂತ್ರವು ಕೂತಿರುವ ರಬ್ಬರು ದಿಂಬುಗಳು ಕುಸಿದಿರಬಹುದು. ಈ ಬಂಡಿಯಲ್ಲಿ ಗೇರುಪೆಟ್ಟಿಗೆಯನ್ನು ಹಿಂದಿನ ಡಿಫರೆನ್ಷಿಯಲ್ಲಿಗೆ ಒಂದು ಅಲ್ಯುಮಿನಿಯಮ್ ತೊಲೆ ಬಿಗಿದಿರುವುದರಿಂದ ಅದರ ಬೋಲ್ಟುಗಳನ್ನೂ ಪರೀಕ್ಷಿಸುವುದು ಒಳ್ಳೆಯದು. ಯಂತ್ರ ನಡೆಯುತ್ತಿರುವಾಗ ಯಾವ ಗೇರೂ ಸುಲಭವಾಗಿ ಬೀಳದೆ, ನಿಲ್ಲಿಸಿದಾಗ ಎಲ್ಲವೂ ಸರಾಗವಾಗಿ ಬಿದ್ದರೆ ದೋಷ ಕ್ಲಚ್ಚಿನದು. ಅದನ್ನೊತ್ತುವ ಕೆಳಗಿನ ಸಿಲಿಂಡರು ಸೋರುವುದು ಈ ಬಂಡಿಯ ಹಳೆಯ ಖಾಯಿಲೆ. ಚೆನ್ನಾಗಿ ಕೂತ ಗೇರು ಓಡುವಾಗ ತಾನಾಗಿ ಹಾರಿಬಿದ್ದರೆ ಮಾತ್ರ ಪೆಟ್ಟಿಗೆಯೊಳಗಿನ ಸವೆತವನ್ನು ಬಲವಾಗಿ ಶಂಕಿಸಬೇಕು.

ಇವೊಂದೂ ಅಲ್ಲದೆ ಕೋಲು ಬರಿದೇ ಆಡುತ್ತಿದ್ದರೆ ಕೆಲಸಕ್ಕೆ ತೊಡಗಬಹುದು. ಬಂಡಿ ತಣ್ಣಗಿರಲಿ, ಸಮನೆಲದಲ್ಲಿರಲಿ, ಚಕ್ರಗಳಿಗೆ ಅಡ್ಡಗಲ್ಲಿರಲಿ, ಕೋಲು ನ್ಯೂಟ್ರಲಿನಲ್ಲಿರಲಿ. ಹಿಡಿಗುಂಡನ್ನು ತಿರುಗಿಸಿ ತೆಗೆದು, ನಡುವಿನ ಹೊದಿಕೆಯ ತಿರುಪುಗಳನ್ನು ಬಿಚ್ಚಿ ಎತ್ತಿದರೆ ದೊಡ್ಡ ಗವಸು ಕಾಣುವುದು. ಅದನ್ನು ಹಿಡಿದಿರುವ ತಗಡನ್ನು ತೆಗೆದರೆ ಬುರುಜು. ಇಲ್ಲಿ ಅವಸರ ಕೂಡದು. ಬುರುಜಿನ ಸುತ್ತಲಿನ ಕೊಳೆಯನ್ನೆಲ್ಲ ಒರಸಿದ ಮೇಲೆಯೇ ಮುಚ್ಚಳದ ಬೋಲ್ಟುಗಳನ್ನು ಸಡಿಲಿಸಬೇಕು; ಒಂದು ಮರಳಕಣ ಒಳಗೆ ಬಿದ್ದರೂ ಕೇಡು. ಆಮೇಲೆ ಕೋಲನ್ನು ನೆಟ್ಟಗೆ ಮೇಲಕ್ಕೆತ್ತಿದರೆ ಬರುವುದು. ಎಣ್ಣೆ ತೊಟ್ಟಿಕ್ಕುವುದರಿಂದ ಆಸನಗಳ ಮೇಲೆ ಹಳೆಯ ಬಟ್ಟೆ ಹಾಸಿರಬೇಕೆಂಬುದನ್ನು ಗೃಹಿಣಿಯರು ನೆನಪಿಸದೆ ಬಿಡರು.

ಕೆಳತುದಿಯ ಬುಷ್ಷು ಕೋಲಿನೊಡನೆ ಬಾರದಿದ್ದರೆ ಗುಳಿಯಲ್ಲೇ ಉಳಿದಿರುವುದು. ಒಡೆದಿದ್ದರೆ ಚೂರುಗಳನ್ನು ಒಂದೂ ಬಿಡದೆ ಚಿಮಟದಿಂದ ಹೆಕ್ಕಿ, ಜೋಡಿಸಿ, ಪೂರ್ತಿಯಾಯಿತೇ ಎಂದು ನೋಡಬೇಕು. ಹಳೆಯ ಎಣ್ಣೆಯನ್ನು ಪಿಚಕಾರಿಯಿಂದ ಹೀರಿ ತೆಗೆದು, ಸುಮಾರು ೮೦ ಘನ ಸೆಂಟಿಮೀಟರಿನಷ್ಟು ಹೊಸ ಗೇರೆಣ್ಣೆಯನ್ನು ಎರೆಯುವುದು. ಎಣ್ಣೆಯ ಜಾತಿ ಬಂಡಿಯ ಕೈಪಿಡಿಯಲ್ಲಿ ಹೇಳಿರುವುದೇ ಆಗಿರಲಿ. ಹೊಸ ಬುಷ್ಷು, ಹೊಸ ಪೀಠ, ಗೋಳಕ್ಕೆ ತೆಳ್ಳಗೆ ಗ್ರೀಸು. ಕೋಲನ್ನು ಇಳಿಸಿ, ಹೊಸ ಗವಸನ್ನು ತೊಡಿಸಿ, ಬೋಲ್ಟುಗಳನ್ನು ಹದವಾಗಿ ಬಿಗಿಯಬೇಕು. ಪೆಟ್ಟಿಗೆಯ ಲೋಹ ಅಲ್ಯುಮಿನಿಯಮ್ಮಾದುದರಿಂದ ತೋಳ್ಬಲ ತೋರಿಸಿದರೆ ಮರೆಯೇ ಕಿತ್ತುಬರುವುದು. ಹೊದಿಕೆಯನ್ನು ಮುಚ್ಚುವುದಕ್ಕೆ ಮೊದಲೇ ಐದು ಗೇರುಗಳನ್ನೂ ಹಿಂದೋಟದ ಗೇರನ್ನೂ ಹಾಕಿ ನೋಡಿಬಿಡುವುದು ಜಾಣತನ. ಗವಸು ಹರಿಯದಿದ್ದರೂ ಅದನ್ನು ಈ ಸಲವೇ ಬದಲಾಯಿಸಬೇಕೆಂಬುದು ನಮ್ಮ ಮತ. ಅದೊಂದಕ್ಕಾಗಿ ಇದೆಲ್ಲವನ್ನೂ ಮತ್ತೆ ಬಿಚ್ಚುವುದು ಯಾರಿಗೆ ಬೇಕು?

ಎಲ್ಲ ಬಂಡಿಗಳ ರಚನೆ ಹೀಗೆಯೇ ಇರುವುದಿಲ್ಲ. ಜರ್ಮನಿಯಲ್ಲಿ ೧೯೬೪ರಿಂದ ೧೯೯೮ರವರೆಗೆ ಬಂದ, ಗಾಳಿಯಿಂದ ತಂಪಾಗುವ ಯಂತ್ರದ ಪೋರ್ಷೆ ೯೧೧ರಲ್ಲಿ ಯಂತ್ರವೂ ಗೇರುಪೆಟ್ಟಿಗೆಯೂ ಹಿಂದಿರುವುವು. ಮುಂದಿನ ಕೋಲಿನಿಂದ ಹಿಂದಿನ ಪೆಟ್ಟಿಗೆಯವರೆಗೆ ಉದ್ದವಾದ ಸಲಾಕೆ ಹಾದುಹೋಗಿದೆ. ಅಲ್ಲಿ ಕೋಲಿನ ಬುಡದ ಬುಷ್ಷಿನ ಜತೆಗೆ, ಹಿಂದಿನ ಆಸನಗಳ ನಡುವಿನ ಮುಚ್ಚಳದಡಿಯಲ್ಲಿರುವ ಜೋಡಣೆಯ ಬುಷ್ಷುಗಳನ್ನೂ ನೋಡಬೇಕು. ಆ ಜೋಡಣೆಯನ್ನು ಸಡಿಲಿಸುವ ಮುನ್ನ ಸಲಾಕೆಯ ಮೇಲೆ ಅದರ ಸ್ಥಾನಕ್ಕೆ ಒಂದು ಗುರುತು ಗೀರಿಕೊಳ್ಳಬೇಕು. ಇಲ್ಲವಾದರೆ ಬುಷ್ಷು ಹೊಸದಾದರೂ ಗೇರುಗಳು ತಮ್ಮ ಸ್ಥಾನದಲ್ಲಿ ಸಿಕ್ಕುವುದಿಲ್ಲ.