ಮೈ ತುಂಬುವ ಲೆಕ್ಕ

ಹದಿಹರೆಯದಲ್ಲಿ ಕೆಲವರು ಬಿದಿರಿನ ಗಳುವಿನಂತೆ ಎತ್ತರಕ್ಕೆ ಬೆಳೆಯುತ್ತಾರೆಯೇ ಹೊರತು ಅವರ ಮೈ ತುಂಬುವುದಿಲ್ಲ. ಇಂಥವರನ್ನು ಕರೆಯಲು ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬರಗಾಲವಿಲ್ಲ. ‘ನರಪೇತಲ’, ‘ಕಡ್ಡಿ ಪೈಲ್ವಾನ’, ‘ಹಂಚಿಕಡ್ಡಿ’ ಮೊದಲಾದ ಬಿರುದುಗಳನ್ನು ಸಹಪಾಠಿಗಳು ಧಾರಾಳವಾಗಿ ದಯಪಾಲಿಸುತ್ತಾರೆ. ಕೊಟ್ಟವರು ಸಂಜೆಯ ಹೊತ್ತಿಗೆ ಅದನ್ನು ಮರೆತಿರುತ್ತಾರೆ, ಪಡೆದವನು ಮರೆಯುವುದಿಲ್ಲ. ಅರೆತೋಳಿನ ಅಂಗಿ ತೊಡಲು ಅವನು ಸಂಕೋಚಪಡುತ್ತಾನೆ, ಆಟದ ಬಯಲಿನಲ್ಲಿ ಹಿಂದೆ ನಿಲ್ಲುತ್ತಾನೆ, ಕೊನೆಗೆ ಯಾವುದೋ ಜಾಹೀರಾತನ್ನು ನಂಬಿ, ಮನೆಯವರು ಕಷ್ಟಪಟ್ಟು ಗಳಿಸಿದ ಹಣವನ್ನು ಪುಡಿಯ ಡಬ್ಬಿಗೆ ಸುರಿಯುತ್ತಾನೆ. ಕೆಲವರು ಅದಕ್ಕಿಂತ ಅಪಾಯಕರವಾದ ಸೂಜಿ ಮತ್ತು ಗುಳಿಗೆಗಳವರೆಗೂ ಹೋಗುವುದುಂಟು.

ಶಕ್ತಿಯ ಪಾಠ ಮುಗಿಸಿ ತರಗತಿಯಿಂದ ಹೊರಬರುವಾಗ, “ಸಾರ್, ಎಷ್ಟು ಉಂಡರೂ ಮೈ ಹತ್ತುವುದಿಲ್ಲ, ಏನು ಮಾಡಲಿ?” ಎಂದು ನನ್ನನ್ನು ಕೇಳಿದ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ. ಭೌತವಿಜ್ಞಾನದ ಅಧ್ಯಾಪಕನಿಗೆ ಈ ಪ್ರಶ್ನೆ ಸಲ್ಲದೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಇದರ ಬಹುಭಾಗ ಭೌತವಿಜ್ಞಾನವೇ. ಮೈ ಬೆಳೆಯುವುದು ಒಂದು ಜಮಾಖರ್ಚಿನ ಲೆಕ್ಕ. ಆ ಲೆಕ್ಕವನ್ನು ತಿಳಿದವನನ್ನು ಯಾವ ಡಬ್ಬಿಯೂ ಸುಲಭವಾಗಿ ಮೋಸಗೊಳಿಸಲಾರದು.

ಮೊದಲು ಅಳತೆ

ಲೆಕ್ಕಕ್ಕೆ ತೊಡಗುವ ಮುನ್ನ, ನಾವು ನಿಜವಾಗಿಯೂ ಬಡಕಲೇ ಎಂಬುದನ್ನು ನೋಡಿಕೊಳ್ಳಬೇಕು. ಕಿಲೋಗ್ರಾಂಗಳಲ್ಲಿ ಅಳೆದ ತೂಕವನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕ ಸೂಚ್ಯಂಕವೆಂದು ಹೆಸರು. ವಯಸ್ಕರಲ್ಲಿ ಇದು 18.5ಕ್ಕಿಂತ ಕಡಿಮೆಯಿದ್ದರೆ ತೂಕ ಸಾಲದೆಂದು ಹೇಳುವರು. 1.70 ಮೀಟರು ಎತ್ತರ, 50 ಕಿಲೋಗ್ರಾಂ ತೂಕವುಳ್ಳ 16 ವರ್ಷದ ಹುಡುಗನೊಬ್ಬನನ್ನು ಭಾವಿಸಿಕೊಳ್ಳಿ. ಅವನ ಸೂಚ್ಯಂಕ 17.3. ವಯಸ್ಕರ ಅಳತೆಗೋಲಿನಲ್ಲಿ ಅವನು ಬಡಕಲು. ಆದರೆ ಬೆಳೆಯುವವರಿಗೆ ಆ ಕೋಲು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ, ವಯಸ್ಸಿಗೆ ತಕ್ಕ ಕೋಷ್ಟಕದಲ್ಲಿ 16 ವರ್ಷದ ಹುಡುಗನ ಕೆಳಗಿನ ಗೆರೆ ಸುಮಾರು 16.5ರಲ್ಲಿದೆ. ಅಂದರೆ ನಮ್ಮ ಹುಡುಗ ತೆಳ್ಳಗಿರುವನಾದರೂ ಸಹಜವಾದ ಮೇರೆಯೊಳಗೇ ಇರುವನು.

ಈ ವಯಸ್ಸಿನಲ್ಲಿ ತೆಳ್ಳಗೆ ಕಾಣುವುದಕ್ಕೆ ಇನ್ನೂ ಒಂದು ಕಾರಣವುಂಟು. ಮೂಳೆಗಳು ಮೊದಲು ಉದ್ದವಾಗುತ್ತವೆ. ಸ್ನಾಯುಗಳು ತುಂಬಿಕೊಳ್ಳುವುದು ಕೆಲವು ತಿಂಗಳುಗಳ ಬಳಿಕ. ಒಂದು ಹಿಡಿ ಮೇಣವನ್ನು ಉದ್ದಕ್ಕೆ ಎಳೆದರೆ ಅದರ ದಪ್ಪ ಕಡಿಮೆಯಾಗುವಂತೆ, ಅಷ್ಟೇ ಸ್ನಾಯು ಶೇಕಡಾ 10ರಷ್ಟು ಉದ್ದದ ಮೂಳೆಯ ಮೇಲೆ ಹರಡಿಕೊಂಡಾಗ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇಕಡಾ 9ರಷ್ಟು ತಗ್ಗುತ್ತದೆ. ಇದು ರೋಗವಲ್ಲ, ಬೆಳವಣಿಗೆಯ ನಡುದಾರಿ.

ಆದರೆ ಕೆಲವು ಲಕ್ಷಣಗಳನ್ನು ಉದಾಸೀನ ಮಾಡಲಾಗದು. ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಕೆಮ್ಮು, ಸಂಜೆಯ ಜ್ವರ, ವಿಪರೀತ ಬಾಯಾರಿಕೆ ಮತ್ತು ಮೂತ್ರ, ಎದೆಬಡಿತ ಮತ್ತು ಕೈನಡುಕ, ನಿಲ್ಲದ ಭೇದಿ, ಉಣ್ಣಲು ಭಯ—ಇವುಗಳಲ್ಲಿ ಯಾವುದಿದ್ದರೂ ಅದು ಲೇಖನ ಓದಿ ತಿದ್ದಿಕೊಳ್ಳುವ ವಿಷಯವಲ್ಲ. ಕ್ಷಯ, ಮಧುಮೇಹ, ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆ, ಜಂತುಹುಳು ಮುಂತಾದವು ತೆಳುತನದ ಮರೆಯಲ್ಲಿ ಅಡಗಿರಬಹುದು. ಆಗ ವೈದ್ಯರನ್ನು ಕಾಣುವುದೇ ಸರಿಯಾದ ಮಾರ್ಗ.

ಶಕ್ತಿಯ ಜಮಾಖರ್ಚು

ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂಬ ನಿಯಮವನ್ನು ನಾವು ಯಂತ್ರಗಳ ಪಾಠದಲ್ಲಿ ಓದುತ್ತೇವೆ. ಅದು ಮೊದಲು ಹೊಳೆದವರಲ್ಲಿ ಒಬ್ಬನು ಹಡಗಿನ ವೈದ್ಯನೆಂಬುದು ಸ್ವಾರಸ್ಯದ ಸಂಗತಿ. ಜರ್ಮನಿಯ ರಾಬರ್ಟ್ ಮೇಯರ್ 1840ರಲ್ಲಿ ಜಾವಾ ದ್ವೀಪದಲ್ಲಿ ನಾವಿಕರ ಅಭಿಧಮನಿಯ ರಕ್ತ ಎಂದಿಗಿಂತ ಹೆಚ್ಚು ಕೆಂಪಾಗಿರುವುದನ್ನು ಕಂಡನು. ಉಷ್ಣದೇಶದಲ್ಲಿ ಮೈ ಬೆಚ್ಚಗಿಡಲು ದೇಹ ಕಡಿಮೆ ಆಮ್ಲಜನಕ ಬಳಸುತ್ತಿರಬೇಕೆಂದು ಅವನು ಊಹಿಸಿದನು. ಆ ಚಿಂತನೆಯಿಂದಲೇ ಶಾಖ ಮತ್ತು ಕೆಲಸಗಳ ಸಂಬಂಧವನ್ನು ಕುರಿತ ಅವನ 1842ರ ಲೇಖನ ಹೊರಟಿತು. ಆ ಶತಮಾನದ ಕೊನೆಗೆ ಅಮೆರಿಕದ ರಸಾಯನವಿಜ್ಞಾನಿ ಅಟ್‌ವಾಟರ್, ಭೌತವಿಜ್ಞಾನಿ ಎಡ್ವರ್ಡ್ ರೋಸ ಅವರ ನೆರವಿನಿಂದ, ಮನುಷ್ಯನು ದಿನಗಟ್ಟಲೆ ಒಳಗಿದ್ದು ಉಣ್ಣಬಹುದಾದ, ಮಲಗಬಹುದಾದ ಶಾಖಮಾಪಕ ಕೋಣೆಯೊಂದನ್ನು ನಿರ್ಮಿಸಿದನು. ಒಳಗೆ ಹೋದ ಆಹಾರದ ಶಕ್ತಿಗೂ ಹೊರಬಂದ ಶಕ್ತಿಗೂ ಲೆಕ್ಕ ತಾಳೆಯಾಯಿತು. ಮಾನವದೇಹವೂ ಈ ನಿಯಮಕ್ಕೆ ಹೊರತಲ್ಲ.

50 ಕಿಲೋಗ್ರಾಂ ತೂಕದ ಹುಡುಗನು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1,500 ಕಿಲೊಕ್ಯಾಲೊರಿ ವ್ಯಯವಾಗುತ್ತದೆ. ಇದನ್ನು ವಾಟುಗಳಿಗೆ ಪರಿವರ್ತಿಸಿದರೆ 70ಕ್ಕೆ ಸ್ವಲ್ಪ ಹೆಚ್ಚು. ಹಳೆಯ ಕಾಲದ ತಂತಿಬಲ್ಬೊಂದು ಹಗಲಿರುಳು ಉರಿದಂತೆ. ಇದರ ಮೇಲೆ ನಡೆ, ಓಟ, ಆಟ, ಬೆಳವಣಿಗೆಗಳ ಖರ್ಚು ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 3,300, ಹುಡುಗಿಯರಿಗೆ 2,500 ಕಿಲೊಕ್ಯಾಲೊರಿ ಬೇಕು. ಬೆಳಿಗ್ಗೆ ಬಸ್ಸು ಹಿಡಿಯುವ ಆತುರದಲ್ಲಿ ತಿಂಡಿ ಬಿಟ್ಟು, ಮಧ್ಯಾಹ್ನ ಪುಟ್ಟ ಡಬ್ಬಿಯಲ್ಲಿ ಚಿತ್ರಾನ್ನ ಉಂಡು, ರಾತ್ರಿ ಮಾತ್ರ ಹೊಟ್ಟೆ ತುಂಬ ಉಣ್ಣುವವನು, ತಾನು ಬಹಳ ಉಣ್ಣುತ್ತೇನೆಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಮೂರು ದಿನ ಉಂಡದ್ದನ್ನೆಲ್ಲ ಬರೆದಿಟ್ಟರೆ ನಿಜ ತಿಳಿಯುವುದು.

ಹಾಗೆಂದು ‘ಎಷ್ಟು ಉಂಡರೂ’ ಎಂಬ ದೂರು ಪೂರ್ತಿ ಸುಳ್ಳಲ್ಲ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 16 ಮಂದಿಗೆ ಎಂಟು ವಾರ ದಿನಕ್ಕೆ 1,000 ಕಿಲೊಕ್ಯಾಲೊರಿ ಹೆಚ್ಚಾಗಿ ಉಣಿಸಿದರು. ಒಬ್ಬನಲ್ಲಿ ಅರ್ಧ ಕಿಲೋಗ್ರಾಮಿಗಿಂತ ಕಡಿಮೆ, ಇನ್ನೊಬ್ಬನಲ್ಲಿ ನಾಲ್ಕು ಕಿಲೋಗ್ರಾಮಿಗಿಂತ ಹೆಚ್ಚು ಕೊಬ್ಬು ಸೇರಿತು. ಕಡಿಮೆ ಸೇರಿದವರು ತಮಗರಿವಿಲ್ಲದೆಯೇ ಹೆಚ್ಚು ಓಡಾಡಿ, ಕೂತಲ್ಲಿ ಕೂರದೆ ಮಿಸುಕಾಡಿ ಆ ಶಕ್ತಿಯನ್ನು ವ್ಯಯಿಸಿದ್ದರು. ನಿಯಮ ಮುರಿಯಲಿಲ್ಲ; ಖರ್ಚಿನ ಪಟ್ಟಿ ಮಾತ್ರ ಬೆಳೆದಿತ್ತು. ಇಂಥ ಮೈಕಟ್ಟಿನವರು ಜಮೆಯನ್ನು ಇನ್ನಷ್ಟು ಹೆಚ್ಚಿಸಬೇಕಾಗುತ್ತದೆ.

ವ್ಯಾಯಾಮ ಮಾಡಿದರೆ ಇರುವ ಮೈಯೂ ಕರಗೀತೆಂಬ ಭಯ ಹಲವರಿಗುಂಟು. ಲೆಕ್ಕ ಹಾಕಿ ನೋಡೋಣ. 50 ಕಿಲೋಗ್ರಾಂ ತೂಕವನ್ನು 3 ಮೀಟರು ಮೇಲಕ್ಕೆ ಒಯ್ಯಲು 50 × 9.8 × 3, ಅಂದರೆ 1,470 ಜೂಲ್ ಕೆಲಸ ಬೇಕು. ಸ್ನಾಯುವಿನ ದಕ್ಷತೆ ಸುಮಾರು ನಾಲ್ಕನೆಯ ಒಂದು ಭಾಗವೆಂದು ಹಿಡಿದರೂ ಒಟ್ಟು ವ್ಯಯ 1.4 ಕಿಲೊಕ್ಯಾಲೊರಿ. ಒಮ್ಮೆ ಮಹಡಿ ಹತ್ತಲು ಕಡಲೆಕಾಯಿ ಬೀಜದ ಒಂದು ಹೋಳು ಸಾಕು!

ಒಂದು ಕಿಲೋ ಸ್ನಾಯುವಿನ ಬೆಲೆ

ಸ್ನಾಯುವಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಐದನೆಯ ಒಂದು ಪಾಲು ಪ್ರೋಟೀನು. ಆದಕಾರಣ ಒಂದು ಕಿಲೋಗ್ರಾಂ ಸ್ನಾಯು ಕಟ್ಟಲು ಬೇಕಾದ ಪ್ರೋಟೀನು ಸುಮಾರು 200 ಗ್ರಾಂ. ಒಳ್ಳೆಯ ವ್ಯಾಯಾಮ ಮಾಡುವ ಹೊಸಬನಿಗೆ ತಿಂಗಳಿಗೆ ಒಂದು ಕಿಲೋಗ್ರಾಂ ಸ್ನಾಯು ಕೂಡಿದರೆ ಅದು ಅತ್ಯುತ್ತಮ ಫಲ. 200 ಗ್ರಾಮನ್ನು 30 ದಿನಗಳಿಗೆ ಹಂಚಿರಿ: ದಿನಕ್ಕೆ 7 ಗ್ರಾಂ. ಉಂಡದ್ದೆಲ್ಲವೂ ಸ್ನಾಯುವಾಗದ ಕಾರಣ ಇದನ್ನು ಇಮ್ಮಡಿ, ಮುಮ್ಮಡಿ ಮಾಡಿದರೂ 14ರಿಂದ 21 ಗ್ರಾಂ ಆದೀತು. ಡಬ್ಬಿಗಳ ಪ್ರಚಾರಕ್ಕೆ ಇದಕ್ಕಿಂತ ಸರಳವಾದ ಉತ್ತರ ಬೇಕಿಲ್ಲ.

ನಿತ್ಯದ ಊಟದ ಮೇಲೆ ಇಷ್ಟನ್ನು ಸೇರಿಸಿರಿ: 50 ಗ್ರಾಂ ಕಡಲೆಕಾಯಿ ಬೀಜ, 250 ಮಿಲಿಲೀಟರು ಹಾಲು, ಒಂದು ಬಾಳೆಹಣ್ಣು. ಬೀಜದಿಂದ ಸುಮಾರು 12, ಹಾಲಿನಿಂದ 8, ಹಣ್ಣಿನಿಂದ 1, ಒಟ್ಟು ಸುಮಾರು 21 ಗ್ರಾಂ ಪ್ರೋಟೀನು. ಶಕ್ತಿ 500 ಕಿಲೊಕ್ಯಾಲೊರಿಗೂ ಮಿಗಿಲು. ಬೆಳೆಯಲು ಬೇಕಾದ ಮಿಗತೆ ದಿನಕ್ಕೆ 300ರಿಂದ 500 ಕಿಲೊಕ್ಯಾಲೊರಿಯಾದ್ದರಿಂದ ಇಷ್ಟರಲ್ಲಿಯೇ ಕೆಲಸವಾಯಿತು. ಹಾಲು ಒಗ್ಗದವರು ಮೊಸರನ್ನೋ ಹುರಿಗಡಲೆಯನ್ನೋ ತಿನ್ನಬಹುದು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ 6 ಗ್ರಾಂ ದೊರೆಯುತ್ತದೆ. ಕರಾವಳಿಯವರಿಗೆ ಮೀನು ಇದ್ದೇ ಇದೆ.

ಉಳಿದ ಊಟದ ಬಗೆಗೆ ನಮ್ಮ ಹಿರಿಯರ ಅಡುಗೆಮನೆಯೇ ಸಾಕಷ್ಟು ತಿಳಿದಿತ್ತು. ಪ್ರೋಟೀನು ಹಲವು ಬಗೆಯ ಅಮೈನೋ ಆಮ್ಲಗಳ ಸರ. ಧಾನ್ಯಗಳಲ್ಲಿ ಲೈಸೀನ್ ಎಂಬ ಮಣಿ ಕಡಿಮೆ. ಬೇಳೆಕಾಳುಗಳಲ್ಲಿ ಮಿಥಿಯೋನೀನ್ ಎಂಬುದು ಕಡಿಮೆ. ಎರಡೂ ಕೂಡಿದಾಗ ಸರ ಪೂರ್ಣವಾಗುತ್ತದೆ. ರಾಗಿಮುದ್ದೆಗೆ ಹುರುಳಿಯ ಸಾರು, ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಅನ್ನಕ್ಕೆ ತೊವ್ವೆ—ಇವುಗಳ ಜೊತೆಗಾರಿಕೆ ರುಚಿಗಷ್ಟೇ ಸೀಮಿತವಲ್ಲ. ತಪ್ಪುವುದು ಪ್ರಮಾಣದಲ್ಲಿ: ತಟ್ಟೆಯ ತುಂಬ ಅನ್ನ, ಅದರ ಮೇಲೆ ತಿಳಿಸಾರು, ತಳದಲ್ಲಿ ಉಳಿಯುವ ಬೇಳೆ. ಆ ಬೇಳೆಯೇ ತಟ್ಟೆಗೆ ಬರಬೇಕು. ವಿದ್ಯಾರ್ಥಿನಿಯರು ಇದರೊಂದಿಗೆ ಸೊಪ್ಪು ಮತ್ತು ಕಾಳುಗಳಿಂದ ಕಬ್ಬಿಣವನ್ನೂ ಪಡೆಯುವುದು ಅಗತ್ಯ. ರಕ್ತಹೀನತೆಯಿದ್ದರೆ ವ್ಯಾಯಾಮಕ್ಕೆ ಉಸಿರೇ ಸಾಲದು.

ಇನ್ನು ಡಬ್ಬಿಯ ಮಾತು. ‘ವೇ’ ಎಂಬ ಪುಡಿಯು ಹಾಲು ಒಡೆದಾಗ ಬೇರ್ಪಡುವ ತಿಳಿನೀರಿನ ಪ್ರೋಟೀನು. ವಿಷವೂ ಅಲ್ಲ, ಅಮೃತವೂ ಅಲ್ಲ. ತೂಕ ಹೆಚ್ಚಿಸುವುದೆಂದು ಮಾರುವ ಪುಡಿಗಳಲ್ಲಿ ಹೆಚ್ಚಿನ ಪಾಲು ಸಕ್ಕರೆ ಮತ್ತು ಪಿಷ್ಟದಿಂದ ತಯಾರಾದ ಪದಾರ್ಥ. ಡಬ್ಬಿಯ ಹಿಂಬದಿಯ ಪಟ್ಟಿಯನ್ನು ಓದಿ, ಅದೇ ಹಣಕ್ಕೆ ಎಷ್ಟು ಕಡಲೆ ಬಂದೀತೆಂದು ಗುಣಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಭಾರ ಮತ್ತು ಸನ್ನೆ

ಮಿಗತೆಯ ಆಹಾರವೊಂದೇ ಇದ್ದರೆ ಅದು ಬಹುಮಟ್ಟಿಗೆ ಕೊಬ್ಬಾಗಿ ಶೇಖರವಾಗುತ್ತದೆ. ಸ್ನಾಯು ಕಟ್ಟಿಕೋ ಎಂಬ ಆಜ್ಞೆ ದೇಹಕ್ಕೆ ಬರುವುದು ಎಳೆತದಿಂದ. ನಮ್ಮ ಮುಂಗೈ ಒಂದು ಸನ್ನೆ. ಮೊಳಕೈಯ ಕೀಲು ಅದರ ಆಧಾರಬಿಂದು. ಅಂಗೈಯಲ್ಲಿನ 5 ಕಿಲೋಗ್ರಾಂ ಭಾರ ಕೀಲಿನಿಂದ 35 ಸೆಂಟಿಮೀಟರು ದೂರದಲ್ಲಿದ್ದರೆ, ತೋಳಿನ ಸ್ನಾಯು ಅಂಟಿಕೊಂಡಿರುವುದು ಕೀಲಿನಿಂದ ಸುಮಾರು 5 ಸೆಂಟಿಮೀಟರು ದೂರದಲ್ಲಿ. ಆದ್ದರಿಂದ ಮುಂಗೈಯನ್ನು ಅಡ್ಡಲಾಗಿ ಹಿಡಿದು ಆ ಭಾರವನ್ನು ತಾಳಲು ಸ್ನಾಯು ಅದರ ಏಳರಷ್ಟು, ಅಂದರೆ 35 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಈ ಎಳೆತವನ್ನು ಹೊರುವ ತಂತುಗಳೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳು ಒಂದರ ಪಕ್ಕದಲ್ಲಿ ಒಂದು ಜಾರುತ್ತವೆಂದು 1954ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಎಳೆತ ಹೆಚ್ಚಾದಂತೆ ತಂತುಗಳಲ್ಲಿ ಹೊಸ ಎಳೆಗಳು ಸೇರಿ ಅವು ದಪ್ಪವಾಗುತ್ತವೆ.

ಭಾರವನ್ನು ಹಂತಹಂತವಾಗಿ ಹೆಚ್ಚಿಸಬೇಕೆಂಬುದು ಹಳೆಯ ಅರಿವು. ಗ್ರೀಕರ ಮಲ್ಲ ಮೈಲೋ ದಿನವೂ ಎಳೆಗರುವೊಂದನ್ನು ಹೊತ್ತು, ಅದು ಎತ್ತಾದಾಗ ಎತ್ತನ್ನೇ ಹೊತ್ತನೆಂಬ ಕಥೆ ಇದನ್ನೇ ಹೇಳುತ್ತದೆ. ಇದಕ್ಕೆ ವೈದ್ಯವಿಜ್ಞಾನದ ರೂಪ ಕೊಟ್ಟವನು ಅಮೆರಿಕದ ಸೇನಾವೈದ್ಯ ಥಾಮಸ್ ಡಿಲಾರ್ಮ್. ಹದಿಹರೆಯದಲ್ಲಿ ಸಂಧಿವಾತಜ್ವರದಿಂದ ಹಾಸಿಗೆ ಹಿಡಿದಿದ್ದ ಅವನು ಭಾರ ಎತ್ತುವ ಅಭ್ಯಾಸದಿಂದ ಮೈ ಕೂಡಿಸಿಕೊಂಡಿದ್ದನು. ಮುಂದೆ ಗಾಯಗೊಂಡ ಸೈನಿಕರಿಗೂ ಅದೇ ಅಭ್ಯಾಸ ಮಾಡಿಸಿ, ಫಲವನ್ನು 1945ರಲ್ಲಿ ಪ್ರಕಟಿಸಿದನು. ನಮ್ಮಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಸೂರ್ಯನಮಸ್ಕಾರವನ್ನೂ ಭಾರದ ಸಾಧನೆಯನ್ನೂ ಜೊತೆಗೂಡಿಸಿ ಕಲಿಸಿದರು.

ಸಲಕರಣೆಯಿಲ್ಲದವರು ಗರಡಿಯ ದಂಡ, ಬಸ್ಕಿಗಳಿಂದ ಆರಂಭಿಸಬಹುದು. ಗಟ್ಟಿಯಾದ ಕೊಂಬೆಗೆ ಜೋತು ಮೈ ಎತ್ತುವುದು, ಮರಳು ತುಂಬಿದ ಚೀಲವನ್ನು ಎತ್ತುವುದು ಇವೂ ಸೇರಲಿ. ಒಂದೊಂದನ್ನು 8ರಿಂದ 12 ಸಲ, ಕೊನೆಯ ಎರಡು ಸಲ ಕಷ್ಟವೆನಿಸುವಂತೆ, ಮೂರು ಸರದಿ ಮಾಡಬೇಕು. 12 ಸಲ ಸುಲಭವಾದ ದಿನ ಭಾರವನ್ನು ತುಸು ಹೆಚ್ಚಿಸಬೇಕು. ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಕ್ರಮ ತಪ್ಪಿ, ಹಠಕ್ಕೆ ಬಿದ್ದು, ಶಕ್ತಿಮೀರಿ ಎತ್ತಿದರೆ ಪೆಟ್ಟಾಗುವುದು ಮಾತ್ರ ನಿಜ. ತಿಳಿದವರೊಬ್ಬರ ಕಣ್ಣೆದುರಿನಲ್ಲಿ ಕಲಿಯುವುದು ಕ್ಷೇಮ.

ಬಿಡುವು

ಸ್ನಾಯು ಬೆಳೆಯುವುದು ಎತ್ತುವ ಹೊತ್ತಿನಲ್ಲಿ ಅಲ್ಲ, ಆನಂತರದ ಬಿಡುವಿನಲ್ಲಿ. ಒಮ್ಮೆ ಭಾರ ಹೊತ್ತ ಸ್ನಾಯುವಿನಲ್ಲಿ ಪ್ರೋಟೀನು ಕಟ್ಟುವ ಕೆಲಸ ಒಂದೆರಡು ದಿನ ಚುರುಕಾಗಿರುತ್ತದೆ. ಆದುದರಿಂದ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಮಾಡಿದರೆ ಸಾಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿ. ಈ ವಯಸ್ಸಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ನಡುರಾತ್ರಿಯವರೆಗೆ ಮೊಬೈಲಿನ ಬೆಳಕಿನಲ್ಲಿ ಕಣ್ಣು ಬಿಟ್ಟಿರುವವನು ತಾನು ಉಂಡ ಹಾಲಿಗೂ ಎತ್ತಿದ ಭಾರಕ್ಕೂ ತಾನೇ ಅನ್ಯಾಯ ಮಾಡುತ್ತಾನೆ.

ಈ ನಿಧಾನವನ್ನು ತಾಳಲಾರದವರಿಗಾಗಿಯೇ ಕೆಲವೆಡೆ ಸ್ಟೆರಾಯಿಡ್ ಸೂಜಿ, ಗುಳಿಗೆಗಳು ಗುಟ್ಟಾಗಿ ಮಾರಾಟವಾಗುತ್ತವೆ. ಇವು ಪುರುಷ ಹಾರ್ಮೋನಿನ ಕೃತಕ ಬಂಧುಗಳು. ಸ್ನಾಯು ಬೇಗ ಉಬ್ಬುವುದು ಸುಳ್ಳಲ್ಲ. ಆದರೆ ಬೆಳೆಯುವವನ ಮೂಳೆಯ ತುದಿಗಳು ಅಕಾಲದಲ್ಲಿ ಬೆಸೆದುಕೊಂಡು ಎತ್ತರ ಶಾಶ್ವತವಾಗಿ ನಿಂತುಹೋಗಬಹುದು. ಹೃದಯ, ಯಕೃತ್ತು, ವೃಷಣಗಳಿಗೆ ಹಾನಿ ತಟ್ಟಬಹುದು. ಎಂಥ ಗೆಳೆಯ ಕೊಟ್ಟರೂ ಇದನ್ನು ಮುಟ್ಟಬಾರದು.

ಒಂದು ಪ್ರಯೋಗ

ತೂಕವನ್ನು ದಿನವೂ ನೋಡಿ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ. ಒಂದು ಲೋಟ ನೀರು ಕುಡಿದರೆ ತಕ್ಕಡಿ ಕಾಲು ಕಿಲೋಗ್ರಾಂ ಹೆಚ್ಚು ತೋರಿಸುತ್ತದೆ. ನೀರಿನ ಏರಿಳಿತದಿಂದಲೇ ದಿನದ ತೂಕ ಒಂದು ಕಿಲೋಗ್ರಾಂ ಅತ್ತಿತ್ತ ಆಗಬಹುದು. ಪ್ರಯೋಗಶಾಲೆಯಲ್ಲಿ ನಾವು ಮಾಡುವಂತೆ ಪರಿಸ್ಥಿತಿಗಳನ್ನು ಸ್ಥಿರವಾಗಿಡಬೇಕು: ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ. ನಾಲ್ಕು ವಾರಗಳ ಸರಾಸರಿಯನ್ನು ಹಿಂದಿನ ನಾಲ್ಕರೊಂದಿಗೆ ಹೋಲಿಸಬೇಕು. ತಿಂಗಳಿಗೆ ಒಂದರಿಂದ ಎರಡು ಕಿಲೋಗ್ರಾಂ ಏರಿದರೆ ಸಾಕು. ಏರದಿದ್ದರೆ ಊಟಕ್ಕೆ ಇನ್ನೊಂದು ಹಿಡಿ ಕಡಲೆ ಸೇರಿಸಿರಿ. ಹೊಟ್ಟೆಯ ಸುತ್ತಳತೆ ಮಾತ್ರ ಬೆಳೆಯುತ್ತಿದ್ದರೆ ಕಡಿಮೆ ಮಾಡಿರಿ. ಮೊದಲ ಕೆಲವು ವಾರಗಳಲ್ಲಿ ಕಸುವು ಹೆಚ್ಚುವುದೇ ಹೊರತು ಗಾತ್ರ ಅಷ್ಟಾಗಿ ಹೆಚ್ಚದು. ಇರುವ ಸ್ನಾಯುವನ್ನು ಸರಿಯಾಗಿ ಬಳಸಿಕೊಳ್ಳಲು ನರಗಳು ಕಲಿಯುವ ಕಾಲ ಅದು. ಅಲ್ಲಿ ನಿರಾಶರಾಗಿ ಬಿಡುವವರೇ ಹೆಚ್ಚು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಾಣ್ಣುಡಿ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಓದುಗರಲ್ಲಿ ಯಾರಿಗಾದರೂ ಈ ಪ್ರಯೋಗದಲ್ಲಿ ಮನಸ್ಸಾದರೆ ಒಂದು ಚೌಕಳಿ ಹಾಳೆಯನ್ನು ತೆಗೆದುಕೊಂಡು ಅಡ್ಡಕ್ಕೆ ವಾರಗಳನ್ನೂ ಉದ್ದಕ್ಕೆ ತೂಕವನ್ನೂ ಗುರುತಿಸಿ, ಬರುವ ಭಾನುವಾರ ಬೆಳಿಗ್ಗೆ ಮೊದಲ ಬಿಂದುವನ್ನು ಇಡಲಿ.